ಮೊದಲು ಮೂಲಕ್ಕೆ ಮರಳಿ: ಹಿಂದಿನವರು ರಾಮ್ ಬದಲಿಸಿದ ಫೋನ್ ಕೈಗೆ ಬಂದಾಗ

ಪ್ರಶ್ನೆ: ಒಂದು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ಕೊಂಡೆ. ಆನ್ ಮಾಡಿದಾಗಲೆಲ್ಲ ಬೂಟ್‌ಲೋಡರ್ (ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಮ್) ಅನ್‌ಲಾಕ್ ಆಗಿದೆ ಎಂಬ ಕಿತ್ತಳೆ ಬಣ್ಣದ ಎಚ್ಚರಿಕೆ ಬರುತ್ತದೆ. ಕಂಪನಿ ಈ ಮಾದರಿಗೆ ಆಂಡ್ರಾಯ್ಡ್ 11ರ ನಂತರ ಏನನ್ನೂ ಕೊಟ್ಟಿಲ್ಲ, ಆದರೆ ಸೆಟ್ಟಿಂಗ್ಸ್‌ನಲ್ಲಿ 14 ಎಂದಿದೆ. ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ನಕ್ಷೆಯಲ್ಲಿ ನಾನಿರುವ ಜಾಗ ತಪ್ಪಾಗಿ ಕಾಣುತ್ತದೆ. ಹಿಂದಿನವರು ಹಾಕಿದ ತಂತ್ರಾಂಶವನ್ನೇ ಇಟ್ಟುಕೊಳ್ಳಲೇ, ಬೇರೆ ಕಸ್ಟಮ್ ರಾಮ್, ಅಂದರೆ ಕಂಪನಿಯದ್ದಲ್ಲದ ಬದಲಿ ಆಂಡ್ರಾಯ್ಡ್ ವ್ಯವಸ್ಥೆ, ಹಾಕಲೇ? ಫೋನ್ ಪೂರ್ತಿ ಸತ್ತುಹೋದರೆ ಎಂಬ ಭಯವೂ ಇದೆ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಈಗಿರುವುದನ್ನು ಉಳಿಸಿಕೊಳ್ಳಬೇಡಿ, ಅದರ ಮೇಲೆ ಇನ್ನೊಂದನ್ನು ಹಾಕಲೂ ಹೋಗಬೇಡಿ. ಮೊದಲು ಫೋನನ್ನು ಕಂಪನಿಯ ಮೂಲ ತಂತ್ರಾಂಶಕ್ಕೆ ಮರಳಿಸಿ. ನಾಲ್ಕಾರು ದಿನ ಹಾಗೆಯೇ ಬಳಸಿ, ಅದರ ಯಾವ ಭಾಗ ಸರಿಯಿದೆ, ಯಾವುದು ಕೆಟ್ಟಿದೆ ಎಂಬುದನ್ನು ತಿಳಿದುಕೊಳ್ಳಿ. ಕಸ್ಟಮ್ ರಾಮ್‌ನ ವಿಚಾರ ಆಮೇಲೆ. ಹೇಗಿದ್ದರೂ ಅಳಿಸಿಹಾಕಲಿರುವ ಮೂಲ ತಂತ್ರಾಂಶಕ್ಕಾಗಿ ಒಂದು ಸಂಜೆಯನ್ನು ಏಕೆ ಕಳೆಯಬೇಕು ಎಂದು ನಿಮಗೆ ಅನ್ನಿಸಬಹುದು. ಹೊಸ ಫೋನಿಗೆ ರಾಮ್ ಹಾಕುವುದಕ್ಕೂ ಇನ್ನೊಬ್ಬರು ಬಳಸಿದ ಫೋನಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸವೆಲ್ಲ ಆ ಒಂದು ಸಂಜೆಯಲ್ಲೇ ಅಡಗಿದೆ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ಕೆಲವು ವರ್ಷಗಳ ಹಿಂದೆ ನಿಮ್ಮಂತೆಯೇ, ಬೇರೆಯವರು ರಾಮ್ ಬದಲಿಸಿದ್ದ ಫೋನೊಂದು ನನ್ನ ಬಳಿಗೆ ಬಂತು. ಜಿಪಿಎಸ್ ಕೆಲಸ ಮಾಡುತ್ತಿರಲಿಲ್ಲ. ತಂತ್ರಾಂಶದ ದೋಷವೇ ಇರಬೇಕೆಂದು ಎರಡು ವಾರಗಳಲ್ಲಿ ನಾಲ್ಕು ರಾಮ್‌ಗಳನ್ನು ಬದಲಿಸಿದೆ, ಮೋಡೆಮ್‌ನ ಕಡತಗಳನ್ನೂ ಬದಲಿಸಿದೆ. ಪ್ರತಿ ರಾತ್ರಿಯೂ ಇದೇ ಕೆಲಸ. ಕೊನೆಗೆ ಬೇರೇನೂ ತೋಚದೆ ಮೂಲ ತಂತ್ರಾಂಶವನ್ನು ಹಾಕಿದಾಗ, ಅದರಲ್ಲೂ ಜಿಪಿಎಸ್ ಸತ್ತೇ ಇತ್ತು. ಹಿಂಬದಿಯ ಮುಚ್ಚಳ ತೆಗೆಸಿ ನೋಡಿದರೆ, ಯಾವಾಗಲೋ ನಡೆದ ರಿಪೇರಿಯಲ್ಲಿ ಆಂಟೆನಾಕ್ಕೆ ತಾಗಬೇಕಾದ ಸಣ್ಣ ಲೋಹದ ಸ್ಪ್ರಿಂಗ್ ಕಳಚಿಹೋಗಿತ್ತು. ಮೂಲ ತಂತ್ರಾಂಶವನ್ನು ಮೊದಲ ದಿನವೇ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿದ್ದ ವಿಷಯ ಅದು. ನಿಮ್ಮ ಫೋನಿನ ನಕ್ಷೆಯ ತೊಂದರೆಯನ್ನು ಓದಿದ ಕೂಡಲೇ ನನಗೆ ಆ ಸ್ಪ್ರಿಂಗ್ ನೆನಪಾಯಿತು. ನಿಮ್ಮದೂ ಅದೇ ಎಂದಲ್ಲ. ಅದು ತಂತ್ರಾಂಶದ ತಪ್ಪೋ ಯಂತ್ರಾಂಶದ ತಪ್ಪೋ ಎಂದು ಬೇರ್ಪಡಿಸಿ ತೋರಿಸುವ ಒರೆಗಲ್ಲು ಮೂಲ ತಂತ್ರಾಂಶ ಮಾತ್ರ.

ಈಗ ಆ ಕಿತ್ತಳೆ ಎಚ್ಚರಿಕೆಯ ಅರ್ಥ. ಫೋನ್ ಆನ್ ಆಗುವಾಗ ಒಂದು ಸರಪಳಿ ಕೆಲಸ ಮಾಡುತ್ತದೆ. ಚಿಪ್‌ನೊಳಗೆ ಬದಲಿಸಲಾಗದಂತೆ ಕೂತಿರುವ ಪುಟ್ಟ ಪ್ರೋಗ್ರಾಮ್ ಬೂಟ್‌ಲೋಡರ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ, ಬೂಟ್‌ಲೋಡರ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಸಹಿಯನ್ನು, ಕರ್ನೆಲ್ ಉಳಿದ ವ್ಯವಸ್ಥೆಯನ್ನು ಪರೀಕ್ಷಿಸುತ್ತದೆ. ಎಲ್ಲ ಸಹಿಗಳೂ ಕಂಪನಿಯದ್ದೇ ಆಗಿದ್ದರೆ ಆ ಸ್ಥಿತಿಗೆ ಹಸಿರು ಎಂದು ಹೆಸರು. ಬಳಕೆದಾರರೇ ಕೊಟ್ಟ ಕೀಲಿಯಿಂದ ಸಹಿ ಮಾಡಿ ಲಾಕ್ ಮಾಡಿದ್ದರೆ ಹಳದಿ. ಪರೀಕ್ಷೆಯಲ್ಲಿ ತಪ್ಪು ಕಂಡರೆ ಕೆಂಪು. ಫೋನ್ ಮುಂದೆ ಹೋಗುವುದಿಲ್ಲ. ಕಿತ್ತಳೆ ಎಂದರೆ ಬೂಟ್‌ಲೋಡರ್ ತೆರೆದಿದೆ, ಅದು ಯಾರ ಸಹಿಯನ್ನೂ ಕೇಳುತ್ತಿಲ್ಲ ಎಂದರ್ಥ. ಒಳಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ಎಚ್ಚರಿಕೆ ಹೇಳುವುದಿಲ್ಲ. ಬಾಗಿಲಲ್ಲಿ ಕಾವಲಿಲ್ಲ ಎಂದಷ್ಟೇ ಹೇಳುತ್ತದೆ.

ಕಾವಲಿಲ್ಲದ ಬಾಗಿಲಿನಿಂದ ಹಿಂದಿನವರು ಒಳಗೆ ಏನನ್ನು ತಂದಿಟ್ಟಿದ್ದಾರೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ಬಹುಪಾಲು ಸಂದರ್ಭಗಳಲ್ಲಿ ಅವರು ನಿಮ್ಮ ಹಾಗೆಯೇ ಹಳೆಯ ಫೋನಿಗೆ ಹೊಸ ಆಯಸ್ಸು ಕೊಡಲು ಹೊರಟ ಉತ್ಸಾಹಿಗಳು. ಆದರೂ ಆ ರಾಮ್‌ನ ಮೂಲ ನಿಮಗೆ ಗೊತ್ತಿಲ್ಲ, ಅದರೊಂದಿಗೆ ರೂಟ್ ಅನುಮತಿಯಿರುವ (ಫೋನಿನ ಸರ್ವಾಧಿಕಾರವಿರುವ) ಯಾವ ಪ್ರೋಗ್ರಾಮ್ ಉಳಿದಿದೆಯೋ ಅದೂ ಗೊತ್ತಿಲ್ಲ. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಅಪಾಯವಿದೆ. ಆಂಡ್ರಾಯ್ಡ್‌ನ ಮುಕ್ತ ಮೂಲ ಸಂಕೇತದ ಜೊತೆ ಅಭಿವೃದ್ಧಿಯ ಪರೀಕ್ಷೆಗೆಂದು ಕೆಲವು ಸಹಿ ಕೀಲಿಗಳು ಬರುತ್ತವೆ. ಅವು ಜಗತ್ತಿಗೆಲ್ಲ ಬಹಿರಂಗ. ಆತುರದಲ್ಲಿ ತಯಾರಾದ ಅನೇಕ ಅನಧಿಕೃತ ರಾಮ್‌ಗಳಿಗೆ ಅದೇ ಕೀಲಿಗಳಿಂದ ಸಹಿ ಮಾಡಿರುತ್ತಾರೆ. ಹಾಗಿದ್ದಾಗ ಅದೇ ಕೀಲಿಯಿಂದ ಸಹಿ ಮಾಡಿದ ಯಾವುದೇ ಆ್ಯಪ್, ವ್ಯವಸ್ಥೆಯ ಅಂಗವೇ ತಾನೆಂದು ಹೇಳಿಕೊಂಡು ಸಾಮಾನ್ಯ ಆ್ಯಪ್‌ಗೆ ಸಿಗದ ಅಧಿಕಾರವನ್ನು ಪಡೆಯಬಲ್ಲದು. ಬಿಲ್ಡ್ ಸಂಖ್ಯೆಯ ಸಾಲಿನಲ್ಲಿ ‘ಟೆಸ್ಟ್ ಕೀಸ್’ ಎಂಬ ಪದ ಕಂಡರೆ ಆ ತಂತ್ರಾಂಶವನ್ನು ನಿತ್ಯದ ಬಳಕೆಗೆ ಇಟ್ಟುಕೊಳ್ಳಬೇಡಿ. ಕಾಣದಿದ್ದರೂ ಸಮಾಧಾನ ಪಡುವಂತಿಲ್ಲ, ಏಕೆಂದರೆ ಆ ಸಾಲನ್ನು ರಾಮ್ ಮಾಡಿದವರು ಬದಲಿಸಬಹುದು. ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅದು ನಿಮ್ಮ ದತ್ತಾಂಶದ ವಿಭಾಗವನ್ನು ಅಳಿಸುತ್ತದೆಯೇ ಹೊರತು ವ್ಯವಸ್ಥೆಯ ವಿಭಾಗವನ್ನು ಮುಟ್ಟುವುದಿಲ್ಲ.

ಮೂಲಕ್ಕೆ ಮರಳುವ ಮೊದಲು ಒಂದು ಫೋನ್ ಕರೆ ಮಾಡಬೇಕು: ನಿಮಗೆ ಮಾರಿದವರಿಗೆ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ, ಫೋನನ್ನು ಬಲವಂತವಾಗಿ ಅಳಿಸಿದರೂ ಹಿಂದಿನ ಗೂಗಲ್ ಖಾತೆಯ ಗುಪ್ತಪದ ಕೇಳುವ ರಕ್ಷಣೆಯಿದೆ. ಕೆಲವು ಕಂಪನಿಗಳು ಇದರ ಮೇಲೆ ತಮ್ಮದೇ ಖಾತೆಯ ಬೀಗವನ್ನೂ ಇಟ್ಟಿವೆ. ಕಸ್ಟಮ್ ರಾಮ್‌ನಲ್ಲಿ ಈ ಬೀಗಗಳು ಎಷ್ಟೋ ಬಾರಿ ಕಾಣಿಸಿಕೊಳ್ಳುವುದೇ ಇಲ್ಲ. ಮೂಲ ತಂತ್ರಾಂಶ ಬಂದ ಕೂಡಲೇ ಎದ್ದು ನಿಲ್ಲುತ್ತವೆ. ಮಾರಿದವರು ಸಿಗುತ್ತಿರುವಾಗಲೇ ಅವರ ಖಾತೆಗಳಿಂದ ಈ ಫೋನನ್ನು ತೆಗೆಸಿಹಾಕಿ. ಕಳವಾದ ಫೋನ್‌ಗಳ ಬೀಗವನ್ನು ಮರೆಮಾಚಲು ಕಸ್ಟಮ್ ರಾಮ್ ಹಾಕಿ ಮಾರುವವರೂ ಇದ್ದಾರೆ, ಆದ್ದರಿಂದ *#06# ಒತ್ತಿ ಫೋನಿನ ಗುರುತಾದ ಐಎಂಇಐ ಸಂಖ್ಯೆಗಳನ್ನು ನೋಡಿ. ಪೆಟ್ಟಿಗೆ, ರಸೀದಿ ಅಥವಾ ಸಿಮ್ ಟ್ರೇಯ ಮೇಲಿನ ಸಂಖ್ಯೆಯೊಂದಿಗೆ ಅದು ತಾಳೆಯಾಗಬೇಕು. ಆಗದಿದ್ದರೆ, ಇಲ್ಲವೇ ಸೊನ್ನೆಗಳೇ ಕಂಡರೆ, ಫೋನಿಗೆ ಕೈಹಾಕುವ ಮೊದಲು ಮಾರಿದವರಿಂದ ವಿವರಣೆ ಕೇಳಿ. ಅದು ಸಿಗದಿದ್ದರೆ ಫೋನನ್ನು ಹಿಂದಿರುಗಿಸುವುದೇ ಲೇಸು.

ನಿಮ್ಮ ಪತ್ರದಲ್ಲಿ ಮಾದರಿಯ ಹೆಸರಿಲ್ಲ. ಇದ್ದಿದ್ದರೂ ನಾನು, ತಯಾರಕರು ಆ ಮಾದರಿಗೆ ಒಳಗೊಳಗೇ ಬಳಸುವ ಸಂಕೇತನಾಮ ಯಾವುದೆಂದು ಕೇಳುತ್ತಿದ್ದೆ, ಏಕೆಂದರೆ ಫೋನ್‌ಗಳು ಸಾಯುವುದು ಹೆಚ್ಚಾಗಿ ಇಲ್ಲಿಯೇ. ಜಾಹೀರಾತಿನಲ್ಲಿ ಅಣ್ಣತಮ್ಮಂದಿರಂತೆ ಕಾಣುವ ಎರಡು ಮಾದರಿಗಳು ಒಳಗೆ ಪೂರ್ತಿ ಬೇರೆಯಾಗಿರಬಹುದು. ರೆಡ್ಮಿ ನೋಟ್ 8 ಮತ್ತು ರೆಡ್ಮಿ ನೋಟ್ 8 ಪ್ರೊ ಎರಡನ್ನೇ ತೆಗೆದುಕೊಳ್ಳಿ. ಮೊದಲನೆಯದರ ಸಂಕೇತನಾಮ ಗಿಂಕ್ಗೊ, ಅದರಲ್ಲಿ ಕ್ವಾಲ್‌ಕಾಮ್ ಚಿಪ್ ಇದೆ. ಎರಡನೆಯದು ಬಿಗೋನಿಯಾ, ಅದರಲ್ಲಿ ಮೀಡಿಯಾಟೆಕ್ ಚಿಪ್. ಒಂದರ ರಾಮ್ ಇನ್ನೊಂದಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ. ಸ್ಯಾಮ್‌ಸಂಗ್‌ನ ಅನೇಕ ಗ್ಯಾಲಕ್ಸಿ ಎಸ್ ಫೋನ್‌ಗಳು ಒಂದೇ ಹೆಸರಿನಲ್ಲಿ ಕೆಲವು ದೇಶಗಳಲ್ಲಿ ಎಕ್ಸಿನೋಸ್ ಚಿಪ್‌ನೊಂದಿಗೂ ಬೇರೆ ಕೆಲವು ದೇಶಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್‌ನೊಂದಿಗೂ ಬಂದಿವೆ. ಸಂಕೇತನಾಮಕ್ಕಾಗಿ ಸೆಟ್ಟಿಂಗ್ಸ್ ಪುಟವನ್ನು ನಂಬಬೇಡಿ, ಕಸ್ಟಮ್ ರಾಮ್ ಅಲ್ಲಿ ಏನನ್ನು ಬೇಕಾದರೂ ಬರೆಯಬಲ್ಲದು. ಫಾಸ್ಟ್‌ಬೂಟ್ (ಬೂಟ್‌ಲೋಡರ್ ನೇರವಾಗಿ ಕಂಪ್ಯೂಟರ್‌ನ ಆಜ್ಞೆ ಕೇಳುವ ಸ್ಥಿತಿ) ಇರುವ ಫೋನಾದರೆ, ಅದನ್ನು ಆ ಸ್ಥಿತಿಗೆ ತಂದು ಕಂಪ್ಯೂಟರ್‌ನಿಂದ ಉತ್ಪನ್ನದ ಹೆಸರು ಕೇಳಿದರೆ ಬೂಟ್‌ಲೋಡರ್ ತಾನೇ ಉತ್ತರಿಸುತ್ತದೆ. ಆ ಉತ್ತರವನ್ನು ಕಾಗದದ ಮೇಲೆ ಬರೆದಿಡಿ. ಮುಂದೆ ನೀವು ಇಳಿಸಿಕೊಳ್ಳುವ ಪ್ರತಿ ಕಡತದ ಹೆಸರಿನಲ್ಲೂ ಅದೇ ಪದ ಇದೆಯೇ ಎಂದು ನೋಡಬೇಕು.

ಇನ್ನು ಬ್ಯಾಕಪ್ ಪ್ರತಿಯ ಮಾತು. ಫೋಟೊ, ಸಂಪರ್ಕಗಳು ಎಲ್ಲರಿಗೂ ನೆನಪಾಗುತ್ತವೆ. ಯಾರಿಗೂ ನೆನಪಾಗದ್ದು ಒಂದೆರಡು ಪುಟ್ಟ ವಿಭಾಗಗಳು: ಐಎಂಇಐ ಮತ್ತು ರೇಡಿಯೊದ ಮಾಪನ ವಿವರಗಳಿರುವ ಇಎಫ್‌ಎಸ್, ಸಂವೇದಕಗಳ ಮಾಪನ ವಿವರಗಳಿರುವ ಪರ್ಸಿಸ್ಟ್. ಇವು ಕಾರ್ಖಾನೆಯಲ್ಲಿ ಆಯಾ ಫೋನಿಗೇ ಬರೆದವು. ಇಂಟರ್ನೆಟ್ಟಿನಲ್ಲಿ ಎಲ್ಲಿಯೂ ಸಿಗುವುದಿಲ್ಲ, ಬೇರೆ ಫೋನಿನದನ್ನು ತಂದು ತುಂಬುವುದು ಐಎಂಇಐ ಬದಲಿಸಿದಂತೆಯೇ ಆಗುತ್ತದೆ, ಅದು ಬಹಳಷ್ಟು ದೇಶಗಳಲ್ಲಿ ಅಪರಾಧ. ಈಗ ಫೋನಿನಲ್ಲಿ ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ (ಮುಖ್ಯ ವ್ಯವಸ್ಥೆಯ ಹೊರಗೆ ತೆರೆಯುವ ಪುಟ್ಟ ದುರಸ್ತಿ ವ್ಯವಸ್ಥೆ) ಇದ್ದರೆ, ಅಥವಾ ನಿಮ್ಮ ಮಾದರಿಗೆಂದೇ ಅದು ಲಭ್ಯವಿದ್ದರೆ, ಅದರ ಮೂಲಕ ಈ ವಿಭಾಗಗಳ ಪ್ರತಿ ತೆಗೆದು ಕಂಪ್ಯೂಟರ್‌ಗೆ ವರ್ಗಾಯಿಸಿ. ಕೆಲವೇ ನಿಮಿಷಗಳ ಕೆಲಸ, ಮುಂದೊಂದು ದಿನ ಸಿಗ್ನಲ್ ಮಾಯವಾದರೆ ಫೋನನ್ನು ಉಳಿಸುವುದು ಇದೇ ಪ್ರತಿ. ಆ ಕಡತಗಳನ್ನು ಯಾರಿಗೂ ಕಳುಹಿಸಬೇಡಿ. ಅದರೊಳಗಿರುವುದು ನಿಮ್ಮ ಫೋನಿನ ಗುರುತು.

ಮೂಲ ತಂತ್ರಾಂಶವನ್ನು ಕಂಪನಿಯ ಸ್ವಂತ ತಾಣದಿಂದಲೇ ಪಡೆಯುವುದು ಉತ್ತಮ. ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳ ಮೂಲ ತಂತ್ರಾಂಶವನ್ನು ಬಹಿರಂಗವಾಗಿಯೇ ಇಟ್ಟಿದೆ. ಅದನ್ನು ಹಾಕಲು ಸ್ಯಾಮ್‌ಸಂಗ್ ಫೋನ್‌ಗಳಿಗೆ ಓಡಿನ್ ಎಂಬ ಸಾಧನ, ಶವೋಮಿಗೆ ಮಿ ಫ್ಲಾಶ್, ಹೀಗೆ ಒಂದೊಂದಕ್ಕೆ ಒಂದೊಂದು. ಇಲ್ಲಿ ಎರಡು ಹಳ್ಳಗಳಿವೆ. ಮೊದಲನೆಯದು ಹಿಮ್ಮರಳಿಕೆ ತಡೆ. ಭದ್ರತಾ ದೋಷವಿರುವ ಹಳೆಯ ಆವೃತ್ತಿಗೆ ಯಾರೂ ಹಿಂತಿರುಗಬಾರದೆಂದು ಅನೇಕ ಫೋನ್‌ಗಳು ಚಿಪ್‌ನೊಳಗೆ ಒಂದು ಅಂಕಿಯನ್ನು ಶಾಶ್ವತವಾಗಿ ಬರೆದುಕೊಳ್ಳುತ್ತವೆ. ಆ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಅದಕ್ಕಿಂತ ಕೆಳಗಿನ ತಂತ್ರಾಂಶ ಹಾಕಿದರೆ ಕೆಲವು ಫೋನ್‌ಗಳು ಅದನ್ನು ನಿರಾಕರಿಸುತ್ತವೆ, ಕೆಲವು ಅಲ್ಲಿಗೇ ಸಾಯುತ್ತವೆ. 2018ರಲ್ಲಿ ಶವೋಮಿಯ ಕೆಲವು ಮಾದರಿಗಳಲ್ಲಿ ಹಳೆಯ ಆವೃತ್ತಿಗೆ ಮರಳಲು ಹೋದ ಹಲವರ ಫೋನ್‌ಗಳು ಹೀಗೆಯೇ ಇಟ್ಟಿಗೆಯಾದವು. ಪಿಕ್ಸೆಲ್ 6 ಫೋನ್‌ಗಳಿಗೆ 2022ರಲ್ಲಿ ಆಂಡ್ರಾಯ್ಡ್ 13 ಬಂದಾಗಲೂ, ಅದನ್ನು ಹಾಕಿದ ಮೇಲೆ 12ರ ಬೂಟ್‌ಲೋಡರ್‌ಗೆ ಹಿಂತಿರುಗುವ ದಾರಿ ಮುಚ್ಚಿತು. ನಿಮ್ಮ ಫೋನಿಗೆ ಹಿಂದಿನವರು ಯಾವ ಆವೃತ್ತಿಯವರೆಗೆ ಹೋಗಿದ್ದರೆಂದು ನಿಮಗೆ ಗೊತ್ತಿಲ್ಲವಾದ್ದರಿಂದ, ಕಂಪನಿ ಆ ಮಾದರಿಗೆ ಕೊಟ್ಟ ಕಟ್ಟಕಡೆಯ ಆವೃತ್ತಿಯನ್ನೇ ಹಾಕಿ. ಹಿಂದಕ್ಕೆ ಹೋಗುವ ಪ್ರಶ್ನೆಯೇ ಆಗ ಏಳುವುದಿಲ್ಲ.

ಎರಡನೆಯ ಹಳ್ಳ ಇನ್ನೂ ಕ್ರೂರವಾದದ್ದು. ಮಿ ಫ್ಲಾಶ್ ಸಾಧನದ ಕೆಳಗಿನ ಸಾಲಿನಲ್ಲಿ, ಎಲ್ಲವನ್ನೂ ಅಳಿಸಿ ಬೂಟ್‌ಲೋಡರನ್ನು ಲಾಕ್ ಮಾಡುವ ಆಯ್ಕೆ ತಾನಾಗಿಯೇ ಆರಿಸಿಕೊಂಡಿರುತ್ತದೆ. ಬೇರೊಂದು ಮಾರುಕಟ್ಟೆಗೆಂದು ತಯಾರಾದ ಫೋನಿಗೆ ಇನ್ನೊಂದು ಪ್ರದೇಶದ ತಂತ್ರಾಂಶ ಹಾಕಿ, ಈ ಆಯ್ಕೆಯನ್ನು ಗಮನಿಸದೆ ಬಿಟ್ಟರೆ, ಫೋನ್ ಲಾಕ್ ಆಗುತ್ತದೆ, ಆಮೇಲೆ ಒಳಗಿನ ತಂತ್ರಾಂಶವನ್ನು ಒಪ್ಪದೆ ನಿಂತುಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಫೋನ್ ಯಾವ ಮಾರುಕಟ್ಟೆಗಾಗಿ ತಯಾರಾದದ್ದು ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ಬಾರಿ ಲಾಕ್ ಮಾಡದೆಯೇ ಮೂಲ ತಂತ್ರಾಂಶ ಹಾಕಿ; ಅದು ಸರಿಯಾಗಿ ಓಡುವುದನ್ನು ನೋಡಿ; ಲಾಕ್ ಮಾಡಬೇಕೇ ಬೇಡವೇ ಎಂಬುದನ್ನು ಬಳಿಕ ತೀರ್ಮಾನಿಸಿ.

ಮೂಲ ತಂತ್ರಾಂಶ ಬಂದ ಮೇಲೆ ಫೋನನ್ನು ಪರೀಕ್ಷಕರ ಕಣ್ಣಿನಿಂದ ನೋಡಿ. ಎರಡೂ ಸಿಮ್‌ಗಳಲ್ಲಿ ಕರೆ ಮಾಡಿ. ಕರೆಯಲ್ಲಿ ಫೋನ್ ಕಿವಿಗೆ ಹೋದಾಗ ಪರದೆ ಆರಬೇಕು. ಎಲ್ಲ ಕ್ಯಾಮೆರಾಗಳು, ಮೈಕ್ರೊಫೋನ್, ಬೆರಳಚ್ಚು, ದಿಕ್ಸೂಚಿ, ಆಮೇಲೆ ಬಯಲಿನಲ್ಲಿ ನಿಂತು ಜಿಪಿಎಸ್. ಬ್ಯಾಟರಿಯ ವಿಷಯದಲ್ಲಿ ನನಗೆ ರಾಮ್‌ಗಿಂತ ವಯಸ್ಸಿನ ಮೇಲೇ ಅನುಮಾನ. ಫೋನಿನ ಲಿಥಿಯಮ್ ಅಯಾನ್ ಬ್ಯಾಟರಿ ಸುಮಾರು 500 ಪೂರ್ಣ ಚಾರ್ಜ್‌ಗಳಾಗುವಷ್ಟರಲ್ಲಿ ತನ್ನ ಮೂಲ ಸಾಮರ್ಥ್ಯದ ಶೇಕಡ 80ರ ಆಸುಪಾಸಿಗೆ ಇಳಿಯುವುದು ಸಹಜ. ನಾಲ್ಕು ವರ್ಷ ದಿನಕ್ಕೊಮ್ಮೆ ಚಾರ್ಜ್ ಆದ ಫೋನ್ ಆ ಗಡಿಯನ್ನು ಎಂದೋ ದಾಟಿರುತ್ತದೆ. ಮೂಲ ತಂತ್ರಾಂಶದಲ್ಲೂ ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿದರೆ ಹೊಸ ಬ್ಯಾಟರಿ ಹಾಕಿಸಿ. ಪರದೆಯ ಅಂಚು ಮೇಲೆದ್ದಿದ್ದರೆ ಅಥವಾ ಬೆನ್ನು ಉಬ್ಬಿದ್ದರೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ, ಚಾರ್ಜ್ ಮಾಡುವುದನ್ನೂ ನಿಲ್ಲಿಸಿ, ಮೊದಲು ಅದನ್ನು ತೆಗೆಸಿ. ಯಂತ್ರಾಂಶದ ದೋಷದ ಮೇಲೆ ಹೊಸ ರಾಮ್ ಹಾಕುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ.

ಇಷ್ಟಾದ ಮೇಲೆ, ನೀವು ನಿಜವಾಗಿ ಬಯಸಿದ ಕೆಲಸಕ್ಕೆ ಬರೋಣ. ಕಸ್ಟಮ್ ರಾಮ್ ಬಗ್ಗೆ ನನಗೆ ಆಳವಾದ ಗೌರವವಿದೆ, ಆದ್ದರಿಂದ ಅದರ ಹಿನ್ನೆಲೆಯನ್ನು ಒಂದಿಷ್ಟು ಹೇಳುತ್ತೇನೆ. ಇಲ್ಲಿ ರಾಮ್ ಎಂದರೆ ಫೋನಿನ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಅಲ್ಲ, ಕಾರ್ಯಾಚರಣಾ ವ್ಯವಸ್ಥೆಯ ಇಡೀ ಕಟ್ಟು. ಆಂಡ್ರಾಯ್ಡ್‌ನ ಬಹುಭಾಗ ಮುಕ್ತ ತಂತ್ರಾಂಶವಾದ್ದರಿಂದ, ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್ 2008ರಲ್ಲಿ ಬಂದ ಮರುವರ್ಷವೇ ಸ್ಟೀವ್ ಕಾಂಡಿಕ್ ಅದಕ್ಕೆ ಸೈನೋಜನ್‌ಮಾಡ್ ಎಂಬ ಬದಲಿ ವ್ಯವಸ್ಥೆಯನ್ನು ಕೊಡಲು ಆರಂಭಿಸಿದರು. ಅದರಲ್ಲಿ ಗೂಗಲ್‌ನ ಆ್ಯಪ್‌ಗಳನ್ನು ಸೇರಿಸಿ ಹಂಚುವುದಕ್ಕೆ ಗೂಗಲ್ 2009ರಲ್ಲೇ ಆಕ್ಷೇಪಿಸಿತು. ಅನೇಕ ಕಸ್ಟಮ್ ರಾಮ್‌ಗಳೊಂದಿಗೆ ಪ್ಲೇ ಸ್ಟೋರ್ ಇತ್ಯಾದಿಗಳ ಕಟ್ಟನ್ನು ಇಂದಿಗೂ ಬೇರೆಯಾಗಿ ಹಾಕಿಕೊಳ್ಳಬೇಕಾಗಿರುವುದರ ಬೇರು ಅಲ್ಲಿದೆ. ಅದರಿಂದಲೇ ಸೈನೋಜನ್ ಎಂಬ ಕಂಪನಿಯೊಂದು ಹುಟ್ಟಿ, 2016ರ ಕೊನೆಯಲ್ಲಿ ತನ್ನ ಸೇವೆಗಳನ್ನು ನಿಲ್ಲಿಸಿದಾಗ, ಸ್ವಯಂಸೇವಕರು ಆ ಸಂಕೇತವನ್ನು ಲಿನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಕಂಪನಿಗಳು ಕೈಬಿಟ್ಟ ಫೋನ್‌ಗಳನ್ನು ಸಂಬಳವಿಲ್ಲದೆ ಬದುಕಿಸಿಟ್ಟವರು ಇವರು. 2018ರಲ್ಲಿ ಬಂದ ಒನ್‌ಪ್ಲಸ್ 6ಕ್ಕೆ ಅಧಿಕೃತ ಬೆಂಬಲ ಆಂಡ್ರಾಯ್ಡ್ 11ಕ್ಕೆ ನಿಂತಿತು. ಪೋಕೊ ಎಫ್1ಗೆ 10ಕ್ಕೇ ನಿಂತಿತು. ಎರಡೂ ಲಿನಿಯೇಜ್‌ನ ಮೂಲಕ ಅದಕ್ಕಿಂತ ಬಹಳ ಮುಂದಿನ ಆವೃತ್ತಿಗಳನ್ನು ಕಂಡಿವೆ.

ಆಯ್ಕೆಯಲ್ಲಿ ನನ್ನ ಅಳತೆಗೋಲು ಸರಳ: ಆಕರ್ಷಕ ಐಕಾನ್‌ಗಳನ್ನು ನೋಡಬೇಡಿ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನು ನೋಡಿ. ನಿಮ್ಮ ಸಂಕೇತನಾಮ ಆ ಯೋಜನೆಯ ಅಧಿಕೃತ ಪಟ್ಟಿಯಲ್ಲಿದೆಯೇ? ಕೊನೆಯ ಬಿಲ್ಡ್‌ನ (ಹಂಚಲು ಸಿದ್ಧಪಡಿಸಿದ ಆವೃತ್ತಿಯ) ದಿನಾಂಕ ಯಾವುದು? ಆ ಫೋನಿನ ಹೊಣೆ ಹೊತ್ತವರು ಮೂಲ ಸಂಕೇತವನ್ನು ಪ್ರಕಟಿಸಿದ್ದಾರೆಯೇ? ಲಿನಕ್ಸ್ ಕರ್ನೆಲ್‌ನ ಪರವಾನಗಿಯ ಪ್ರಕಾರ ಕರ್ನೆಲ್ ಹಂಚುವವರು ಅದರ ಮೂಲ ಸಂಕೇತವನ್ನೂ ಕೊಡಲೇಬೇಕು. ಕೊಡದವರ ಬಿಲ್ಡ್‌ನಿಂದ ದೂರವಿರಿ. ಯಾವ ತೊಂದರೆಯೂ ಇಲ್ಲ ಎನ್ನುವ ರಾಮ್‌ಗಿಂತ, ತನ್ನ ತೊಂದರೆಗಳನ್ನು ಪಟ್ಟಿ ಮಾಡಿ ಹೇಳುವ ರಾಮ್ ಮೇಲು. ನಿಮ್ಮದು ಪಿಕ್ಸೆಲ್ ಆಗಿದ್ದು, ಇನ್ನೂ ಬೆಂಬಲವಿರುವ ಮಾದರಿಯಾಗಿದ್ದರೆ ಗ್ರಾಫೀನ್ ಓಎಸ್ ನೋಡಿ. ಅದನ್ನು ಹಾಕಿದ ಮೇಲೆ ಬೂಟ್‌ಲೋಡರನ್ನು ಅದರದೇ ಕೀಲಿಯೊಂದಿಗೆ ಮತ್ತೆ ಲಾಕ್ ಮಾಡಬಹುದು, ಆಗ ಕಿತ್ತಳೆ ಹೋಗಿ ಹಳದಿ ಬರುತ್ತದೆ. ಒಂದೇ ಕಟ್ಟು ಅನೇಕ ಫೋನ್‌ಗಳಿಗೆ ಹೊಂದುವಂತಹ ಜೆನೆರಿಕ್ ಕಟ್ಟುಗಳೂ ಇವೆ. 2017ರಲ್ಲಿ ಆಂಡ್ರಾಯ್ಡ್ 8ರೊಂದಿಗೆ ಬಂದ ಟ್ರೆಬಲ್ ಎಂಬ ವಿನ್ಯಾಸ ಅವುಗಳನ್ನು ಸಾಧ್ಯವಾಗಿಸಿತು. ಆದರೆ ಮೊದಲ ಪ್ರಯತ್ನಕ್ಕೆ ಅವು ಬೇಡ.

ಹಾಕುವ ವಿಧಾನಕ್ಕೆ ಆಯಾ ಮಾದರಿಯ ಅಧಿಕೃತ ಮಾರ್ಗದರ್ಶಿಯೇ ಪ್ರಮಾಣ. ವಿಡಿಯೊ ನೋಡಿಕೊಂಡು ಮಾಡಬೇಡಿ, ಅದು ಯಾವ ಆವೃತ್ತಿಯ ಕಾಲದ್ದೋ ಹೇಳಲಾಗದು. ಮಾರ್ಗದರ್ಶಿಯಲ್ಲಿ ಓದುಗರು ಎಡವುವ ಕೆಲವು ಜಾಗಗಳನ್ನು ಮಾತ್ರ ಹೇಳುತ್ತೇನೆ. ಇಳಿಸಿಕೊಂಡ ಕಡತ ಕೆಡದೆ ಬಂದಿದೆಯೇ ಎಂದು ತಿಳಿಯಲು ಅದರ ಎಸ್‌ಎಚ್‌ಎ 256 ಮೊತ್ತವನ್ನು ತಾಣದಲ್ಲಿ ಕೊಟ್ಟದ್ದರೊಂದಿಗೆ ತಾಳೆ ನೋಡಿ. ಒಳ್ಳೆಯ ಕೇಬಲ್ ಬಳಸಿ, ಫೋನಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ. ಮೊದಲೇ ಬೇಕಾದ ಫರ್ಮ್‌ವೇರ್ (ಫೋನಿನ ಯಂತ್ರಾಂಶವನ್ನು ನಡೆಸುವ ಕಂಪನಿಯ ಒಳತಂತ್ರಾಂಶ) ಆವೃತ್ತಿ ಯಾವುದೆಂದು ರಾಮ್‌ನವರು ಬರೆದಿರುತ್ತಾರೆ. ನೀವು ಮೂಲಕ್ಕೆ ಮರಳಿ ಕಡೆಯ ಆವೃತ್ತಿಗೆ ಬಂದಿರುವುದರಿಂದ ಬಹುಪಾಲು ಅದು ಆಗಲೇ ಸರಿಯಾಗಿರುತ್ತದೆ, ಆದರೂ ಒಮ್ಮೆ ತಾಳೆ ನೋಡಿ. ರಿಕವರಿಯಲ್ಲಿ ದತ್ತಾಂಶವನ್ನು ಬರಿದೇ ಅಳಿಸಿದರೆ ಸಾಲದು, ಫಾರ್ಮ್ಯಾಟ್ ಮಾಡಬೇಕು. ಹಳೆಯ ಗೂಢಲಿಪೀಕರಣದ ಕುರುಹು ಉಳಿದರೆ ಹೊಸ ವ್ಯವಸ್ಥೆ ಮೊದಲ ಪರದೆಯಲ್ಲೇ ಸುತ್ತುತ್ತಿರುತ್ತದೆ. ಗೂಗಲ್ ಆ್ಯಪ್‌ಗಳ ಕಟ್ಟು ಬೇಕಿದ್ದರೆ, ಲಿನಿಯೇಜ್ ಹಾಕಿದ ಮೇಲೆ, ಅದು ಮೊದಲ ಬಾರಿ ಆನ್ ಆಗುವ ಮುಂಚೆಯೇ ಹಾಕಬೇಕು. ಕಂಪ್ಯೂಟರ್‌ನಿಂದ ಸೈಡ್‌ಲೋಡ್ ಮಾಡುವಾಗ, ಅಂದರೆ ಕಡತವನ್ನು ಕೇಬಲ್ ಮೂಲಕ ಫೋನಿಗೆ ಕಳುಹಿಸಿ ಹಾಕುವಾಗ, ಕೆಲವೊಮ್ಮೆ ಪ್ರಗತಿ ಶೇಕಡ 47ಕ್ಕೆ ನಿಂತುಬಿಡುತ್ತದೆ. ಎಷ್ಟೋ ಮಂದಿ ಅಲ್ಲಿ ಗಾಬರಿಯಾಗಿ ಕೇಬಲ್ ಕೀಳುತ್ತಾರೆ. ಕೆಲಸ ಯಶಸ್ವಿಯಾದಾಗಲೂ ಆ ಅಂಕಿಗೇ ನಿಲ್ಲುವುದುಂಟು. ಕಂಪ್ಯೂಟರ್‌ನ ಪರದೆಯನ್ನು ಬಿಟ್ಟು ಫೋನಿನ ಪರದೆಯನ್ನು ನೋಡಿ, ಅದು ಏನು ಹೇಳುತ್ತದೆ ಎಂಬುದೇ ನಿಜ.

ಸೆಕೆಂಡ್ ಹ್ಯಾಂಡ್ ಫೋನಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ವಿವರವಿದೆ. 2016ರ ಆಂಡ್ರಾಯ್ಡ್ 7ರಿಂದ ಅನೇಕ ಫೋನ್‌ಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಜಾಗವಿರುತ್ತದೆ, ಎ ಮತ್ತು ಬಿ. ಒಂದರಲ್ಲಿ ಫೋನ್ ಓಡುತ್ತಿರುವಾಗ ಇನ್ನೊಂದಕ್ಕೆ ಹೊಸ ಆವೃತ್ತಿ ಇಳಿಯುತ್ತದೆ. ಕಸ್ಟಮ್ ರಾಮ್ ಹಾಕುವಾಗಲೂ ಅದು ಈಗ ಬಳಕೆಯಲ್ಲಿಲ್ಲದ ಬದಿಗೆ ಹೋಗುತ್ತದೆ. ಆ ಬದಿಯಲ್ಲಿ ಹಿಂದಿನವರ ಕಾಲದ ಹಳೆಯ ಫರ್ಮ್‌ವೇರ್ ಅಥವಾ ಏನೂ ಇಲ್ಲದ ಖಾಲಿ ವಿಭಾಗ ಇದ್ದರೆ, ಫೋನ್ ಅತ್ತ ತಿರುಗಿದಾಗ ಏಳುವುದೇ ಇಲ್ಲ. ಇದಕ್ಕಾಗಿಯೇ ಲಿನಿಯೇಜ್‌ನ ಮಾರ್ಗದರ್ಶಿ ಕೆಲವು ಮಾದರಿಗಳಿಗೆ, ಒಂದು ಬದಿಯ ಫರ್ಮ್‌ವೇರನ್ನು ಇನ್ನೊಂದಕ್ಕೆ ನಕಲು ಮಾಡುವ ಪುಟ್ಟ ಕಡತವನ್ನು ಮೊದಲು ಓಡಿಸಲು ಹೇಳುತ್ತದೆ. ಐಚ್ಛಿಕವೆಂದು ಭಾವಿಸಿ ಅದನ್ನು ಬಿಡುವವರೇ ಹೆಚ್ಚು. ನೀವು ಬಿಡಬೇಡಿ.

ನಿಮ್ಮ ಭಯದ ಬಗ್ಗೆ ಒಂದು ಮಾತು. ಫೋನ್ ಮೊದಲ ಪರದೆಯಲ್ಲಿ ಸುತ್ತುತ್ತಿದ್ದರೆ ಅದು ಸತ್ತಿಲ್ಲ. ಫಾಸ್ಟ್‌ಬೂಟ್ ಅಥವಾ ರಿಕವರಿ ತೆರೆಯುವವರೆಗೂ ಫೋನ್ ನಿಮ್ಮ ಕೈಯಲ್ಲೇ ಇದೆ, ಮೂಲ ತಂತ್ರಾಂಶವನ್ನು ಮತ್ತೆ ಹಾಕಬಹುದು. ಅದನ್ನು ನೀವು ಈಗಾಗಲೇ ಒಮ್ಮೆ ಮಾಡಿರುತ್ತೀರಿ, ಕಡತ ಕಂಪ್ಯೂಟರ್‌ನಲ್ಲಿರುತ್ತದೆ, ದಾರಿ ಗೊತ್ತಿರುತ್ತದೆ. ಮೊದಲು ಮೂಲಕ್ಕೆ ಮರಳಿ ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ಪರದೆ ಪೂರ್ತಿ ಕಪ್ಪಾಗಿ ಯಾವ ಗುಂಡಿಗೂ ಸ್ಪಂದಿಸದೆ ಹೋದರೆ ಮಾತ್ರ ಅದು ನಿಜವಾದ ಇಟ್ಟಿಗೆ. ಆಗಲೂ ಚಿಪ್‌ನ ತುರ್ತು ಸ್ಥಿತಿಯ ಮೂಲಕ ಕೆಲವೊಮ್ಮೆ ಎಬ್ಬಿಸಬಹುದು, ಆದರೆ ಅದಕ್ಕೆ ಅನುಭವಿ ರಿಪೇರಿಯವರ ಕೈ ಬೇಕು.

ಬ್ಯಾಂಕಿನ ಆ್ಯಪ್ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಇಂತಹ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ಸೇವೆಯ ಮೂಲಕ ಫೋನಿನ ಸ್ಥಿತಿಯನ್ನು ಕೇಳುತ್ತವೆ. ಉತ್ತರದಲ್ಲಿ ಪ್ರಾಥಮಿಕ, ಸಾಧನ, ದೃಢ ಎಂದು ಮೂರು ಹಂತಗಳಿವೆ. ಎಷ್ಟನೆಯ ಹಂತ ಬೇಕೆಂಬುದನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ದೃಢ ಹಂತದ ಸಾಕ್ಷ್ಯ ಬರುವುದು ಚಿಪ್‌ನೊಳಗಿನ ಸುರಕ್ಷಿತ ಭಾಗದಿಂದ, ಬೂಟ್‌ಲೋಡರ್ ತೆರೆದಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಈ ಪರೀಕ್ಷೆಯನ್ನು ವಂಚಿಸುವ ಮಾಡ್ಯೂಲ್‌ಗಳು ಹರಿದಾಡುತ್ತಿವೆ. ಇಂದು ಕೆಲಸ ಮಾಡಿದ್ದು ನಾಳೆ ನಿಲ್ಲುತ್ತದೆ. ಅಲ್ಲದೆ ಅವುಗಳನ್ನು ಹಾಕಲು ಫೋನನ್ನು ರೂಟ್ ಮಾಡಿ, ಅಪರಿಚಿತರ ಪ್ರೋಗ್ರಾಮ್‌ಗೆ ಫೋನಿನ ಸರ್ವಾಧಿಕಾರ ಕೊಡಬೇಕು. ನಿಮ್ಮ ಹಣದ ಕೀಲಿಯಿರುವ ಫೋನಿನಲ್ಲಿ ಅದನ್ನು ನಾನು ಒಪ್ಪಲಾರೆ. ಬ್ಯಾಂಕಿನ ಆ್ಯಪ್ ಈ ಫೋನಿನಲ್ಲೇ ಬೇಕೇಬೇಕು ಎಂದಾದರೆ ಮೂಲ ತಂತ್ರಾಂಶದಲ್ಲೇ ಉಳಿದು, ಲಾಕ್ ಮಾಡಿಕೊಳ್ಳಿ. ಬ್ಯಾಂಕಿನ ಜಾಲತಾಣ ಸಾಕು ಎನ್ನುವುದಾದರೆ ಕಸ್ಟಮ್ ರಾಮ್‌ಗೆ ಹೋಗಿ.

ಹಾಗಾದರೆ ಯಾವುದು ಹೆಚ್ಚು ಸುರಕ್ಷಿತ ಎಂದು ನೀವು ಕೇಳಬಹುದು. ಮೂಲ ತಂತ್ರಾಂಶದಲ್ಲಿ ಬಾಗಿಲಿಗೆ ಕಾವಲಿದೆ, ಆದರೆ ವರ್ಷಗಳಿಂದ ಯಾವ ಭದ್ರತಾ ಪ್ಯಾಚ್‌ಗಳೂ ಬಂದಿಲ್ಲ. ಲಿನಿಯೇಜ್‌ನಲ್ಲಿ ಆಂಡ್ರಾಯ್ಡ್‌ನ ಪ್ಯಾಚ್‌ಗಳು ನಿಯಮಿತವಾಗಿ ಬರುತ್ತವೆ, ಆದರೆ ಬಾಗಿಲು ತೆರೆದಿದೆ. ಅದರ ಜೊತೆಗೆ ಮೋಡೆಮ್, ಗ್ರಾಫಿಕ್ಸ್ ಮೊದಲಾದವುಗಳ ಮುಚ್ಚಿದ ಫರ್ಮ್‌ವೇರ್ ಕಂಪನಿ ನಿಲ್ಲಿಸಿದ ದಿನಾಂಕದಲ್ಲೇ ನಿಂತಿರುತ್ತದೆ. ಲಿನಿಯೇಜ್‌ನ ಟ್ರಸ್ಟ್ ಪುಟ ಈ ಎರಡು ದಿನಾಂಕಗಳನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ದಿನವಿಡೀ ಇಂಟರ್ನೆಟ್ಟಿನಲ್ಲಿರುವ, ಮನೆಬಿಟ್ಟು ಹೆಚ್ಚು ಹೋಗದ ಫೋನಿಗೆ ಹೊಸ ಪ್ಯಾಚ್‌ಗಳೇ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಕಳೆದುಹೋಗುವ, ಅಪರಿಚಿತರ ಕೈಸೇರುವ ಸಾಧ್ಯತೆ ಹೆಚ್ಚಿರುವ ಫೋನಿಗೆ ಲಾಕ್ ಆದ ಬೂಟ್‌ಲೋಡರ್ ಮುಖ್ಯ. ಎರಡರಲ್ಲೂ ಉದ್ದನೆಯ ಪಿನ್ ಇಡಿ. ಬೂಟ್‌ಲೋಡರ್ ತೆರೆದಿದ್ದರೂ ಒಳಗಿನ ದತ್ತಾಂಶ ಗೂಢಲಿಪಿಯಲ್ಲೇ ಇರುತ್ತದೆ, ಅದನ್ನು ಕಾಯುವುದು ಆ ಪಿನ್.

ಕಸ್ಟಮ್ ರಾಮ್‌ಗೆ ಹೋದಾಗ ಇನ್ನೂ ಕೆಲವನ್ನು ಕಳೆದುಕೊಳ್ಳುತ್ತೀರಿ. ಕಂಪನಿಯ ಕ್ಯಾಮೆರಾ ಆ್ಯಪ್‌ನ ಸಂಸ್ಕರಣೆ ಇಲ್ಲದ ಕಾರಣ ಫೋಟೊಗಳ ಗುಣಮಟ್ಟ ಇಳಿಯಬಹುದು. ವೈಡ್‌ವೈನ್ ಎಂಬ ವಿಡಿಯೊ ರಕ್ಷಣೆಯ ಹಂತ ಎಲ್1ರಿಂದ ಎಲ್3ಕ್ಕೆ ಬಿದ್ದರೆ, ಚಲನಚಿತ್ರ ಸೇವೆಗಳು ಕಡಿಮೆ ಸ್ಪಷ್ಟತೆಯಲ್ಲೇ ತೋರಿಸುತ್ತವೆ. ಸ್ಯಾಮ್‌ಸಂಗ್ ಫೋನ್ ಆಗಿದ್ದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಹಿಂದಿನವರ ಕಾಲದಲ್ಲೇ ಸುಟ್ಟಿರುತ್ತದೆ. ಮೂಲಕ್ಕೆ ಮರಳಿದರೂ ಸ್ಯಾಮ್‌ಸಂಗ್ ಪೇ, ಸುರಕ್ಷಿತ ಫೋಲ್ಡರ್ ಮೊದಲಾದವು ಹಿಂತಿರುಗುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ವೋಲ್ಟಿ, ಅಂದರೆ 4ಜಿ ಜಾಲದ ಮೂಲಕವೇ ಹೋಗುವ ಕರೆ. ಹಳೆಯ 2ಜಿ, 3ಜಿ ಜಾಲಗಳು ಮುಚ್ಚಿರುವ ಕಡೆ ವೋಲ್ಟಿ ಇಲ್ಲದ ಫೋನಿನಿಂದ ಕರೆಯೇ ಹೋಗುವುದಿಲ್ಲ. ರಾಮ್ ಹಾಕಿದ ಮೊದಲ ಗಂಟೆಯಲ್ಲೇ ಒಂದು ಕರೆ ಮಾಡಿ, ಒಂದು ಕರೆ ಸ್ವೀಕರಿಸಿ. ಅದು ಆಗದಿದ್ದರೆ ಉಳಿದುದೆಲ್ಲ ಎಷ್ಟೇ ಚೆನ್ನಾಗಿದ್ದರೂ ಮೂಲಕ್ಕೆ ಮರಳಿ.

ರೂಟ್ ಬೇಕೇ? ಬೇಡ. ಕಸ್ಟಮ್ ರಾಮ್ ಹಾಕಲು ಅದರ ಅಗತ್ಯವಿಲ್ಲ.

ಕೊನೆಯದಾಗಿ ಲಾಕ್. ಲಿನಿಯೇಜ್‌ನಂತಹ ರಾಮ್ ಹಾಕಿದ ಮೇಲೆ ಆ ಕಿತ್ತಳೆ ಎಚ್ಚರಿಕೆಯನ್ನು ಹೋಗಲಾಡಿಸಲೆಂದು ಬೂಟ್‌ಲೋಡರನ್ನು ಲಾಕ್ ಮಾಡಬೇಡಿ. ಕಂಪನಿಯ ಸಹಿ ಇಲ್ಲದ ತಂತ್ರಾಂಶವನ್ನು ಅದು ನಿರಾಕರಿಸುತ್ತದೆ, ಫೋನ್ ಅಲ್ಲಿಗೇ ನಿಲ್ಲುತ್ತದೆ. ಲಾಕ್ ಮಾಡಬಹುದಾದದ್ದು ಎರಡೇ ಸಂದರ್ಭಗಳಲ್ಲಿ: ಗ್ರಾಫೀನ್‌ನಂತೆ ತನ್ನ ಕೀಲಿಯನ್ನು ಫೋನಿಗೆ ಕೊಡುವ ರಾಮ್ ಇದ್ದಾಗ, ಅಥವಾ ಆ ಫೋನಿನ ಮಾರುಕಟ್ಟೆಗೇ ಸೇರಿದ, ಒಂದಿಷ್ಟೂ ಬದಲಿಸದ ಮೂಲ ತಂತ್ರಾಂಶ ಇದ್ದಾಗ. ನಾಳೆ ನೀವೇ ಈ ಫೋನನ್ನು ಮಾರುವ ದಿನ ಬಂದರೆ ಎರಡನೆಯದನ್ನೇ ಮಾಡಿ: ಖಾತೆಗಳನ್ನು ತೆಗೆದು, ಮೂಲ ತಂತ್ರಾಂಶ ಹಾಕಿ, ಅದು ಸರಿಯಾಗಿ ಓಡುವುದನ್ನು ನೋಡಿ, ಲಾಕ್ ಮಾಡಿ, ಕೊಳ್ಳುವವರ ಮುಂದೆಯೇ ಒಮ್ಮೆ ಆನ್ ಮಾಡಿ ತೋರಿಸಿ. ಸದ್ಯಕ್ಕೆ ಫಾಸ್ಟ್‌ಬೂಟ್ ಹೇಳುವ ಸಂಕೇತನಾಮವನ್ನೂ, ಮೂಲ ತಂತ್ರಾಂಶದಲ್ಲಿ ಜಿಪಿಎಸ್ ಏನಾಯಿತು ಎಂಬುದನ್ನೂ ಬರೆದು ಕಳುಹಿಸಿ. ಯಾವ ರಾಮ್ ಎಂಬ ಪ್ರಶ್ನೆಗೆ ಆಗ ಹೆಸರು ಹಿಡಿದೇ ಉತ್ತರ ಕೊಡುತ್ತೇನೆ.